ಇಟ್ಟ ಗೊಂಬೆ, ಕೂರಿಸಿದ ಗೊಂಬೆ: ಹೊರನಾಡ ಕನ್ನಡ ಮನೆಗಳ ಅಲಂಕಾರವಸ್ತುಗಳನ್ನು ಕುರಿತ ಒಂದು ವಿಚಾರ

1

ಗೊಂಬೆ ಎಂಬ ಪದಕ್ಕೆ ಕನ್ನಡದಲ್ಲಿರುವ ವ್ಯಾಪ್ತಿ ದೊಡ್ಡದು. ಮಗುವಿನ ಕೈಯಲ್ಲಿರುವುದೂ ಗೊಂಬೆಯೇ. ಹೊಲದಲ್ಲಿ ಹಕ್ಕಿಗಳನ್ನು ಓಡಿಸಲು ನಿಂತದ್ದು ಬೆದರುಗೊಂಬೆ. ಪರದೆಯ ಹಿಂದೆ ಕುಣಿಯುವುದು ತೊಗಲುಗೊಂಬೆ. ದಾರಕ್ಕೆ ಆಡುವುದು ಸೂತ್ರದ ಗೊಂಬೆ. ನವರಾತ್ರಿಯಲ್ಲಿ ಮೆಟ್ಟಿಲ ಮೇಲೆ ಕುಳಿತದ್ದು ಪಟ್ಟದ ಗೊಂಬೆ. ದೇವರಿಗೆ ಸಂದದ್ದು ಹರಕೆಯ ಗೊಂಬೆ. ಈ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇರಿಸಿ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಕನ್ನಡದಲ್ಲಿ ಗೊಂಬೆ ಒಂದು ಕ್ರಿಯಾಪದವನ್ನು ಜೊತೆಗೆ ಕರೆದುಕೊಂಡೇ ಬರುತ್ತದೆ. ಗೊಂಬೆಯನ್ನು ಆಡಿಸುತ್ತಾರೆ, ಕುಣಿಸುತ್ತಾರೆ, ಕೂರಿಸುತ್ತಾರೆ, ಒಪ್ಪಿಸುತ್ತಾರೆ. ವಸ್ತು ಚಿಕ್ಕದಾದರೂ ಅದರ ಸುತ್ತ ಒಂದು ಕಾರ್ಯವಿದೆ. ಆ ಕಾರ್ಯಕ್ಕೆ ಒಂದು ಕಾಲವಿದೆ, ಒಂದು ಕೂಟವಿದೆ.

ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಗಳ ಕನ್ನಡ ಮನೆಗಳಲ್ಲಿ ಇಂದು ಗೊಂಬೆಗೆ ಸಾಮಾನ್ಯವಾಗಿ ಸಲ್ಲುವ ಕ್ರಿಯಾಪದ ಬೇರೆ. ಅದನ್ನು ಅಲ್ಲಿ ಇಡುತ್ತಾರೆ. ಶೋಕೇಸಿನ ಗಾಜನ್ನು ಸರಿಸಿ, ಧೂಳೊರಸಿ, ಇಟ್ಟು, ಮತ್ತೆ ಗಾಜನ್ನು ಮುಚ್ಚುತ್ತಾರೆ. ಆಡಿಸುವುದರಿಂದ, ಕೂರಿಸುವುದರಿಂದ, ಒಪ್ಪಿಸುವುದರಿಂದ ಇಡುವುದರ ಕಡೆಗೆ ಆಗಿರುವ ಈ ಪಲ್ಲಟದಲ್ಲಿ ಕಳೆದುಹೋದದ್ದು ಯಾವುದು, ಉಳಿದದ್ದು ಯಾವುದು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಅಲಂಕಾರದ ಚಿಕ್ಕ ವಸ್ತುಗಳು ವಿಮರ್ಶೆಗೆ ಯೋಗ್ಯವಾದ ವಿಷಯವೇ ಎಂಬ ಶಂಕೆ ಏಳಬಹುದು. ಆದರೆ ಹೊರನಾಡಿನಲ್ಲಿ ಹುಟ್ಟಿದ ಮಗು ಕನ್ನಡದ ಒಂದು ಪುಸ್ತಕವನ್ನು ತೆರೆಯುವುದಕ್ಕೆ ಎಷ್ಟೋ ಮೊದಲೇ ಈ ಗಾಜಿನ ಕಪಾಟನ್ನು ನೋಡಿರುತ್ತದೆ. ನಾಡನ್ನು ಕುರಿತು ಆ ಮಗು ಓದುವ ಮೊದಲ ಪಠ್ಯ ಅದೇ. ಆದಕಾರಣ ಆ ಪಠ್ಯದಲ್ಲಿ ಏನು ಬರೆದಿದೆ ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

2

ಮುಂಬಯಿಗೆ ಬಂದ ಕನ್ನಡಿಗರು ಒಂದೇ ಪ್ರದೇಶದವರಲ್ಲ. ಕರಾವಳಿಯಿಂದ ಹೋಟೆಲು ಉದ್ಯಮವನ್ನು ನಂಬಿ ಬಂದವರು, ಉಡುಪಿ ಮಂಗಳೂರುಗಳಲ್ಲಿ ಹುಟ್ಟಿದ ಬ್ಯಾಂಕುಗಳ ನೌಕರಿಯಿಂದ ವರ್ಗವಾಗಿ ಬಂದವರು, ವಿಜಯಪುರ ಕಲಬುರಗಿಗಳ ಕಡೆಯಿಂದ ಕೂಲಿಗಾಗಿ ಬಂದವರು, ಹಳೆಯ ಮೈಸೂರಿನಿಂದ ಸರಕಾರಿ ಇಲ್ಲವೆ ಖಾಸಗಿ ಕಚೇರಿಗಳಿಗೆ ಬಂದವರು ಎಲ್ಲರೂ ಇಲ್ಲಿದ್ದಾರೆ. ನಗರದ ಒಳಭಾಗದಲ್ಲಿ ಮನೆಯ ಬೆಲೆ ಏರಿದಂತೆ ಅನೇಕರು ರೈಲುಹಳಿಯ ಗುಂಟ ಠಾಣೆ, ಡೊಂಬಿವಲಿ, ಕಲ್ಯಾಣಗಳಿಗೆ ಸರಿದರು. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ಖಾಡಿಯ ಆಚೆ ನವಿ ಮುಂಬಯಿ ತಲೆಯೆತ್ತಿದ ಮೇಲೆ ವಾಶಿ, ನೆರೂಳಗಳಲ್ಲೂ ಕನ್ನಡದ ಮನೆಗಳಾದವು.

ಈ ಮನೆಗಳು ಚಿಕ್ಕವು. ಒಂದು ಕೋಣೆ ಮತ್ತು ಒಂದು ಅಡುಗೆಮನೆ ಇರುವಲ್ಲಿ ಹಗಲು ಬೈಠಕಾದದ್ದು ರಾತ್ರಿ ಮಲಗುವ ಸ್ಥಳವಾಗುತ್ತದೆ. ಊಟದ ಜಾಗವೇ ಮಕ್ಕಳ ಅಭ್ಯಾಸದ ಜಾಗವಾಗುತ್ತದೆ. ಮಂಚದ ಕೆಳಗೆ ಅಕ್ಕಿಯ ಡಬ್ಬಿ, ಮಾಳಿಗೆಯ ಮೇಲೆ ಪೆಟ್ಟಿಗೆ. ಒಂದು ಚದರಡಿಯೂ ನಿರುಪಯೋಗವಾಗಿ ಬಿದ್ದಿರಬಾರದೆಂಬ ಹಟದಿಂದ ಕಟ್ಟಿಕೊಂಡ ಇಂಥ ಮನೆಯಲ್ಲಿ ಉಪಯೋಗವಿಲ್ಲದ ವಸ್ತುಗಳಿಗಾಗಿಯೇ ಮೀಸಲಾದ ಸ್ಥಳ ಒಂದೇ ಒಂದು. ಅದೇ ಶೋಕೇಸು. ಗೃಹಸ್ಥನು ತನ್ನ ಅತ್ಯಂತ ಬೆಲೆಯುಳ್ಳ ಸ್ಥಳವನ್ನು ಅದಕ್ಕೆ ಬಿಟ್ಟುಕೊಟ್ಟಿರುತ್ತಾನೆ. ಈ ತ್ಯಾಗವನ್ನು ಗಮನಿಸದೆ ಶೋಕೇಸನ್ನು ಹಳಿಯುವುದು ನ್ಯಾಯವಲ್ಲ.

ಅದರ ಒಳಗೆ ಕಾಣುವ ವಸ್ತುಗಳೂ ಬಹುಮಟ್ಟಿಗೆ ಪರಿಚಿತವಾದವೇ. ಚನ್ನಪಟ್ಟಣದ ಅರಗುಬಣ್ಣದ ದಂಪತಿಗಳ ಗೊಂಬೆ. ಶ್ರೀಗಂಧದ್ದೋ ಗಂಧದ ಪರಿಮಳವನ್ನು ಬಳಿದದ್ದೋ ಆದ ಒಂದು ಆನೆ. ಬೀದರಿನ ಕಪ್ಪು ಲೋಹದ ಮೇಲೆ ಬೆಳ್ಳಿಯ ಬಳ್ಳಿಯಿರುವ ಹೂಜಿ. ಯಕ್ಷಗಾನದ ಕಿರೀಟ ಹೊತ್ತ ಮುಖ. ಹಂಪೆಯ ಕಲ್ಲಿನ ರಥದ ಒಂದು ಗೇಣಿನ ಪ್ರತಿಕೃತಿ. ಜೊತೆಗೆ ತಾಜಮಹಲು, ಮಗ ವಿದೇಶದಿಂದ ತಂದ ಐಫೆಲ್ ಗೋಪುರ, ಶಾಲೆಯಲ್ಲಿ ಮಗಳಿಗೆ ಬಂದ ಫಲಕ. ಇವುಗಳ ನಡುವೆ ಒಂದು ವಿಚಿತ್ರವನ್ನು ಕಾಣಬಹುದು. ಬೆಳ್ತಂಗಡಿಯ ಕಡೆಯವರ ಮನೆಯಲ್ಲಿಯೂ ಇಂಡಿಯ ಕಡೆಯವರ ಮನೆಯಲ್ಲಿಯೂ ಕನ್ನಡನಾಡಿನ ಗುರುತುಗಳು ಹೆಚ್ಚು ಕಡಿಮೆ ಒಂದೇ ಆಗಿರುತ್ತವೆ. ಇಬ್ಬರ ಊರಿನಲ್ಲಿಯೂ ಅವರದೇ ಆದ ಗೊಂಬೆಗಳಿದ್ದವು. ಅವು ಮಾತ್ರ ಕಪಾಟಿನೊಳಗೆ ಬಂದಿಲ್ಲ. ಬಂದದ್ದು ಎಂಪೋರಿಯಮ್ಮಿನ ಕರ್ನಾಟಕ.

3

ಕಪಾಟಿಗೆ ಬಂದವುಗಳ ಮತ್ತು ಬಾರದೆ ಉಳಿದವುಗಳ ಮೂಲವನ್ನು ಈಗ ನೋಡಬಹುದು.

ಬೆಂಗಳೂರು ಮೈಸೂರುಗಳ ನಡುವಣ ಚನ್ನಪಟ್ಟಣದಲ್ಲಿ ಈ ಕಸುಬು ಟಿಪ್ಪುಸುಲ್ತಾನನ ಕಾಲದಲ್ಲಿ ಪಾರಸಿಕ ಕುಶಲಕರ್ಮಿಗಳಿಂದ ಬಂದಿತೆಂಬ ಪ್ರತೀತಿ ಇದೆ. ಆಲೆಮರದ ತುಂಡನ್ನು ಚೆನ್ನಾಗಿ ಒಣಗಿಸಿ, ತಿರುಗುವ ಯಂತ್ರಕ್ಕೆ ಸಿಕ್ಕಿಸಿ, ಉಳಿಯಿಂದ ರೂಪ ಕೊಡುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅನಂತರ ತಾಳೆ ಎಲೆಯಿಂದ ಉಜ್ಜಿ ಹೊಳಪು ತರುತ್ತಾರೆ. ಈ ವಿಧಾನವೇ ಚನ್ನಪಟ್ಟಣದ ಗೊಂಬೆಯ ಆಕೃತಿಯನ್ನು ನಿರ್ಣಯಿಸಿದೆ. ತಿರುಗುವ ಯಂತ್ರದಿಂದ ಹುಟ್ಟುವುದು ಉರುಟಾದ ರೂಪ ಮಾತ್ರ. ಆದ್ದರಿಂದ ಅಲ್ಲಿಯ ರಾಜನೂ ರೈತನೂ ಗುಂಡು, ಬುಗುರಿ, ಕೊಳವೆಗಳ ಜೋಡಣೆಯಿಂದಲೇ ಆಗಬೇಕು. ಮೂಗು ಕಿವಿಗಳ ಸೂಕ್ಷ್ಮ ಅದರಲ್ಲಿಲ್ಲ, ಮೂಲೆಯಿಲ್ಲ, ಚೂಪಿಲ್ಲ. ಇದನ್ನು ಕೆಲವರು ಒರಟು ಕೆಲಸವೆಂದು ಭಾವಿಸುವುದುಂಟು. ವಸ್ತುತಃ ಅದು ಎಳೆಯ ಮಗುವಿನ ಮುಷ್ಟಿಗೂ ಬಾಯಿಗೂ ಹೊಂದಿದ ಆಕೃತಿ. ಚನ್ನಪಟ್ಟಣದ ಆಟಿಕೆಯ ಸೌಂದರ್ಯವನ್ನು ಕಣ್ಣಿಗಿಂತ ಅಂಗೈ ಚೆನ್ನಾಗಿ ಬಲ್ಲದು. ಅದನ್ನು ಗಾಜಿನ ಹಿಂದೆ ಇಟ್ಟು ಮಗುವಿಗೆ ಮುಟ್ಟಬೇಡವೆಂದು ಹೇಳಿದರೆ ಆ ಕಲೆಯ ಮುಖ್ಯವಾದ ಗುಣಕ್ಕೇ ಬೀಗ ಹಾಕಿದಂತೆ ಆಗುತ್ತದೆ.

ಸರಕಾರದ ಶಾಸನವೂ ಈ ಭೇದವನ್ನು ಬಲ್ಲದು. 2021ರ ಜನವರಿ 1ರಿಂದ ಜಾರಿಗೆ ಬಂದ ಆಟಿಕೆಗಳ ಗುಣನಿಯಂತ್ರಣದ ಆಜ್ಞೆ 14 ವರ್ಷದ ಒಳಗಿನ ಮಕ್ಕಳ ಆಟಕ್ಕಾಗಿ ಉದ್ದೇಶಿಸಿದ ವಸ್ತುವನ್ನು ಆಟಿಕೆ ಎಂದು ಕರೆಯುತ್ತದೆ. ನೋಂದಾಯಿತ ಕರಕುಶಲಿಗಳ ಮತ್ತು ಭೌಗೋಳಿಕ ಸೂಚಿಯ ಮನ್ನಣೆ ಪಡೆದ ತಯಾರಕರ ವಸ್ತುಗಳಿಗೆ ಅದರಲ್ಲಿ ವಿನಾಯಿತಿ ದೊರೆತಿದೆ. ಶಾಸನದ ಕಣ್ಣಿಗೆ ಆಟಿಕೆಯಾಗಿರುವುದು ಮನೆಯವರ ಕಣ್ಣಿಗೆ ಅಲಂಕಾರವಾಗಿದೆ.

ಕೊಪ್ಪಳದ ಬಳಿಯ ಕಿನ್ನಾಳದ್ದು ಬೇರೊಂದು ಪ್ರಪಂಚ. ಅಲ್ಲಿಯ ಚಿತ್ರಗಾರರು ಹಗುರವಾದ ಮರದಲ್ಲಿ ಅಂಗಾಂಗಗಳನ್ನು ಬೇರೆ ಬೇರೆಯಾಗಿ ಕಡೆದು ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಗೋಣಿಯ ನಾರನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ ಅದೇ ಅಂಟಿನಲ್ಲಿ ಕಲಸಿದ ಕಿಟ್ಟದಿಂದ ಆಭರಣಗಳನ್ನೂ ಉಬ್ಬುಗಳನ್ನೂ ರೂಪಿಸುತ್ತಾರೆ. ತವರದಿಂದ ಸಿದ್ಧಪಡಿಸಿದ ಲೇಪದಿಂದ ಲೋಹದ ಕಾಂತಿಯನ್ನು ತರುತ್ತಾರೆ. ಹಂಪೆಯ ವಿರೂಪಾಕ್ಷ ದೇವಾಲಯದ ಭಿತ್ತಿಚಿತ್ರಗಳನ್ನು ಬರೆದವರು ತಮ್ಮ ಪೂರ್ವಜರೆಂಬ ನಂಬಿಕೆ ಈ ಮನೆತನಗಳಲ್ಲಿದೆ. ಗ್ರಾಮದೇವತೆಯ ಮೂರ್ತಿ, ಉತ್ಸವದ ವಾಹನ, ಗರುಡ, ಪಲ್ಲಕ್ಕಿ ಇವೆಲ್ಲ ಅವರ ಕೈಯಿಂದ ಆಗುತ್ತಿದ್ದವು. ಇವು ಜಾತ್ರೆಯ ಗುಂಪಿನ ನಡುವೆ, ಎತ್ತರದಲ್ಲಿ, ಚಲಿಸುತ್ತಿರುವಾಗ ನೋಡತಕ್ಕ ವಸ್ತುಗಳು. ಅದಕ್ಕಾಗಿಯೇ ಅವುಗಳ ಕಣ್ಣು ಅಷ್ಟು ದೊಡ್ಡದು, ಕೆಂಪು ಹಳದಿಗಳು ಅಷ್ಟು ಗಾಢ. ಅದೇ ಗರುಡ ಅರ್ಧ ಅಡಿಯಾಗಿ ಕಪಾಟಿನಲ್ಲಿ ನಿಂತಾಗ ಬಣ್ಣ ಅಬ್ಬರದಂತೆ ತೋರುತ್ತದೆ. ದೋಷವಿರುವುದು ಬಣ್ಣದಲ್ಲಲ್ಲ, ದೂರದಲ್ಲಿ.

ಉತ್ತರ ಕರ್ನಾಟಕದ ಮನೆಗಳ ಗೊಂಬೆಗಳಿಗಂತೂ ಬಾಳಿಕೆಯೇ ಗುರಿಯಲ್ಲ. ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಗೆ ಹಸಿ ಮಣ್ಣಿನ ಎತ್ತುಗಳಾಗುತ್ತವೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ ಬರುತ್ತಾಳೆ. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕುಳಿತು ಜೋಕುಮಾರ ಮನೆಮನೆಗೆ ತಿರುಗುತ್ತಾನೆ. ಪೂಜೆಯ ಕಾಲ ಮುಗಿದ ಮೇಲೆ ಇವು ಉಳಿಯುವುದಿಲ್ಲ. ಮಣ್ಣು ಮಣ್ಣಿಗೆ ಸೇರುತ್ತದೆ. ಮುಂದಿನ ವರ್ಷ ಮತ್ತೆ ಮಾಡಬೇಕು. ಹೀಗೆ ಪ್ರತಿ ವರ್ಷವೂ ಮಾಡಬೇಕಾದ್ದರಿಂದಲೇ ವಿದ್ಯೆ ತಾಯಿಯಿಂದ ಮಗಳಿಗೆ ಇಳಿದು ಬಂತು.

ಕರಾವಳಿಯಲ್ಲಿ ಉಜಿರೆಯ ಸಮೀಪದ ಸುರ್ಯ ಎಂಬಲ್ಲಿ ಸದಾಶಿವ ರುದ್ರನ ದೇವಾಲಯವಿದೆ. ಅಲ್ಲಿ ಹರಕೆಯಾಗಿ ಸಲ್ಲುವುದು ಮಣ್ಣಿನ ಗೊಂಬೆ. ಸಂತಾನ ಬೇಡಿದವರು ಮಗುವಿನ ಗೊಂಬೆಯನ್ನು, ಮನೆ ಬೇಡಿದವರು ಮಣ್ಣಿನ ಮನೆಯನ್ನು, ಕಾಲುನೋವು ವಾಸಿಯಾದವರು ಮಣ್ಣಿನ ಕಾಲನ್ನು ಒಪ್ಪಿಸುತ್ತಾರೆ. ಕಾಲ ಬದಲಾದಂತೆ ಕಾರು, ಕಂಪ್ಯೂಟರುಗಳೂ ಮಣ್ಣಿನಲ್ಲಿ ಮೂಡಿವೆ. ಬನದಲ್ಲಿ ಇವು ರಾಶಿಯಾಗಿ ಬಿದ್ದಿರುತ್ತವೆ. ಮಳೆಬಿಸಿಲುಗಳಿಗೆ ಪಾಚಿ ಕಟ್ಟುತ್ತವೆ, ಒಡೆಯುತ್ತವೆ. ಒಬ್ಬರ ಗೊಂಬೆಯನ್ನು ಇನ್ನೊಬ್ಬರದರಿಂದ ಬೇರ್ಪಡಿಸುವ ಗೋಜು ಯಾರಿಗೂ ಇಲ್ಲ. ಗೃಹೋಪಯೋಗಿ ಚಿಕ್ಕ ವಸ್ತುಗಳ ಇಷ್ಟು ದೊಡ್ಡ ಸಂಗ್ರಹ ಕನ್ನಡನಾಡಿನಲ್ಲಿ ಇನ್ನೆಲ್ಲಿ ದೊರಕೀತು? ಆದರೂ ಅದು ಪ್ರದರ್ಶನವಲ್ಲ. ಅಲ್ಲಿರುವುದು ಜನರ ಆಸೆಗಳ ಮತ್ತು ಋಣಗಳ ಲೆಕ್ಕ.

ಹಳೆಯ ಮೈಸೂರಿನ ಗೊಂಬೆಹಬ್ಬ ಶೋಕೇಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು. ಅಲ್ಲಿಯೂ ಸಂಗ್ರಹವಿದೆ, ಮೆಟ್ಟಿಲುಗಳಿವೆ, ನೋಡುವವರಿದ್ದಾರೆ. ರಕ್ತಚಂದನದ ರಾಜರಾಣಿಯರು ಮದುವೆಯಲ್ಲಿ ತವರಿನಿಂದ ಹೆಣ್ಣಿನೊಡನೆ ಬರುತ್ತಾರೆ. ಅವರಿಗೆ ವರ್ಷವರ್ಷವೂ ಹೊಸ ಉಡುಗೆಯಾಗಬೇಕು. ಕೆಳಗಿನ ಮೆಟ್ಟಿಲಲ್ಲಿ ಶೆಟ್ಟಿ ಶೆಟ್ಟಿತಿಯರು ಬೇಳೆ ಬೆಲ್ಲಗಳ ಅಂಗಡಿ ತೆರೆದು ಕೂರುತ್ತಾರೆ. ಸಂಜೆ ನೆರೆಯ ಮಕ್ಕಳು ಬಂದು ಗೊಂಬೆ ಬಾಗಿನ ಪಡೆಯುತ್ತಾರೆ. ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಯನ್ನು ಮಲಗಿಸುತ್ತಾರೆ. ಆಮೇಲೆ ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುತ್ತಾರೆ. ಸುಮಾರು ಒಂದು ವರ್ಷ ಕಣ್ಣಿಗೆ ಬೀಳದೆ ಇರುವುದು ಈ ಗೊಂಬೆಗಳ ಭಾಗ್ಯ. ಪೆಟ್ಟಿಗೆಯನ್ನು ತೆರೆಯುವ ದಿನ ಮನೆಯ ಮಕ್ಕಳಿಗೆ ಅವು ಮತ್ತೆ ಹೊಸವಾಗಿರುತ್ತವೆ. ಶೋಕೇಸಿನ ಗೊಂಬೆ ವರ್ಷದ ಎಲ್ಲ ದಿನವೂ ಕಣ್ಣೆದುರಿಗೇ ಇದೆ. ಅದಕ್ಕಾಗಿಯೇ ಅದನ್ನು ಯಾರೂ ನೋಡುವುದಿಲ್ಲ.

4

ಈ ಪಲ್ಲಟಕ್ಕೆ ಕಾರಣವನ್ನು ಹೊರನಾಡ ಗೃಹಸ್ಥನಲ್ಲಿ ಮಾತ್ರ ಹುಡುಕುವುದು ಸರಿಯಲ್ಲ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿ ಸ್ಥಾಪನೆಯಾದಾಗ ಅದರ ನೇತೃತ್ವ ವಹಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು. ಅರಮನೆ, ದೇವಸ್ಥಾನ, ಜಾತ್ರೆಗಳ ಆಶ್ರಯ ತಪ್ಪಿದ ಕುಶಲಕರ್ಮಿಗಳಿಗೆ ಹೊಸ ಗಿರಾಕಿ ಬೇಕಾಗಿತ್ತು. ನಗರದ ಮಧ್ಯಮವರ್ಗದ ಮನೆಯೇ ಆ ಗಿರಾಕಿಯಾಯಿತು. ಮೈಸೂರು ರಾಜ್ಯದಲ್ಲಿ 1964ರಲ್ಲಿ ಕರಕುಶಲ ಅಭಿವೃದ್ಧಿ ನಿಗಮ ಹುಟ್ಟಿ, ಮುಂದೆ ಕಾವೇರಿ ಎಂಪೋರಿಯಮ್ಮುಗಳ ಮೂಲಕ ಚನ್ನಪಟ್ಟಣ, ಕಿನ್ನಾಳ, ಬೀದರ, ಸಾಗರಗಳ ಕೆಲಸ ಒಂದೇ ಸೂರಿನ ಕೆಳಗೆ ಬಂತು. ಈ ವ್ಯವಸ್ಥೆ ಇಲ್ಲದಿದ್ದರೆ ಇವುಗಳಲ್ಲಿ ಕೆಲವು ಕಸುಬುಗಳಾದರೂ ನಿಂತುಹೋಗುವ ಭಯವಿತ್ತು. ಕಲೆಯನ್ನು ಉಳಿಸಿದ ಕೈಯೇ ಅದನ್ನು ಕಪಾಟಿನೊಳಗೂ ಇರಿಸಿತೆಂಬುದನ್ನು ಒಪ್ಪಿಕೊಂಡೇ ವಿಮರ್ಶೆ ಮುಂದುವರಿಯಬೇಕು.

ವಸ್ತುಸಂಗ್ರಹಾಲಯಗಳನ್ನು ಕುರಿತು ಆನಂದ ಕುಮಾರಸ್ವಾಮಿಯವರು 1940ರ ದಶಕದಲ್ಲಿ ಎತ್ತಿದ ಆಕ್ಷೇಪ ಇಲ್ಲಿಗೂ ಅನ್ವಯಿಸುತ್ತದೆ. ಅಲ್ಲಿಟ್ಟ ಪ್ರಾಚೀನ ವಸ್ತುಗಳಲ್ಲಿ ಹೆಚ್ಚಿನವು ಪ್ರದರ್ಶನಕ್ಕೆಂದು ಹುಟ್ಟಿದವಲ್ಲ, ಬಳಕೆಗೆಂದು ಹುಟ್ಟಿದವು. ಆ ಬಳಕೆ ತಿಳಿಯದೆ ಅವುಗಳ ರೂಪ ತಿಳಿಯದು ಎಂಬುದು ಅವರ ನಿಲುವು. ಅಮೆರಿಕದ ವಿಮರ್ಶಕಿ ಸೂಸನ್ ಸ್ಟೂವರ್ಟ್ 1984ರ ತಮ್ಮ ಗ್ರಂಥದಲ್ಲಿ ನೆನಪಿನ ಕಾಣಿಕೆಗಳನ್ನು ವಿವೇಚಿಸುತ್ತ, ಅಂಥ ವಸ್ತುವಿಗೆ ಅಂಟಿಕೊಂಡಿರುವ ಕಥೆ ಅದನ್ನು ಮಾಡಿದವನದಲ್ಲ, ಅದನ್ನು ಇಟ್ಟುಕೊಂಡವನದು ಎಂದು ತೋರಿಸಿದ್ದಾರೆ.

ಈ ಎರಡನೆಯ ಮಾತನ್ನು ದೂಷಣೆಯೆಂದೇ ತಿಳಿಯಬೇಕಾಗಿಲ್ಲ. ಇಟ್ಟುಕೊಂಡವನ ಕಥೆಗೂ ಬೆಲೆಯಿದೆ. ಡೊಂಬಿವಲಿಯಿಂದ ಬೆಳಗಿನ ಲೋಕಲಿನಲ್ಲಿ ನಿಂತು ಹೋಗಿ ರಾತ್ರಿ ನಿಂತೇ ಬರುವ ಮನುಷ್ಯನು ವರ್ಷಕ್ಕೊಮ್ಮೆ ಊರಿಗೆ ಹೋದಾಗ ಬಸ್ ನಿಲ್ದಾಣದ ಅಂಗಡಿಯಲ್ಲಿ ಕೊಂಡು ತಂದ ಗಂಧದ ಆನೆ ಕಲೆಯ ದೃಷ್ಟಿಯಿಂದ ಸಾಮಾನ್ಯವೇ ಆಗಿರಬಹುದು. ಆದರೆ ಅದು ಆ ಪ್ರವಾಸಕ್ಕೆ, ಆ ವರ್ಷ ಬದುಕಿದ್ದ ತಾಯಿಗೆ, ಆಗ ಮಾರದೆ ಉಳಿದಿದ್ದ ಮನೆಗೆ ಸಾಕ್ಷಿ. ಕುಮಾರಸ್ವಾಮಿಯವರ ಅಳತೆಗೋಲಿನಿಂದ ಮಾತ್ರ ಅಳೆದರೆ ಈ ಸಾಕ್ಷ್ಯ ಲೆಕ್ಕಕ್ಕೆ ಸಿಕ್ಕುವುದಿಲ್ಲ. ತೊಡಕಿರುವುದು ಮುಂದಿನ ಪೀಳಿಗೆಯಲ್ಲಿ. ತಂದವನ ಕಥೆ ತಂದವನೊಡನೆ ಹೋಗುತ್ತದೆ; ಮಾಡಿದವನ ಕಥೆ ಮೊದಲೇ ಬಂದಿರಲಿಲ್ಲ. ಎರಡು ಕಥೆಗಳೂ ಇಲ್ಲದೆ ಉಳಿದ ಆನೆಯನ್ನು ಮೊಮ್ಮಗಳು ಮನೆ ಬದಲಾಯಿಸುವಾಗ ರದ್ದಿಯವನಿಗೆ ಕೊಟ್ಟರೆ ಅವಳನ್ನು ದೂರುವಂತಿಲ್ಲ.

5

ಮನೆಯ ಶೋಕೇಸಿಗಿಂತ ಕಠಿನವಾದ ಪರೀಕ್ಷೆಗೆ ಗುರಿಯಾಗಬೇಕಾದದ್ದು ಸಭೆಯ ಸ್ಮರಣಿಕೆ. ಹೊರನಾಡಿನ ಕನ್ನಡ ಸಮಾರಂಭಗಳಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿಗಳೊಡನೆ ಒಂದು ಸ್ಮರಣಿಕೆ ಸಲ್ಲುತ್ತದೆ. ಬಹುಕಾಲದಿಂದ ಅದು ಒಂದು ಸಾಹಿತ್ಯಪ್ರಕಾರದಂತೆ ಸ್ಥಿರವಾದ ರೂಪ ಪಡೆದಿದೆ: ಅಚ್ಚಿನಲ್ಲಿ ಎರೆದ ರಥ, ಬಂಗಾರದ ಬಣ್ಣ, ಮಖಮಲ್ಲಿನ ಪೆಟ್ಟಿಗೆ, ಕೆಳಗೆ ಸನ್ಮಾನಿತರ ಹೆಸರು.

ಹಂಪೆಯ ರಥವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಅದು ರಥದ ಆಕಾರದ ಗರುಡಗುಡಿ. ಜಾತ್ರೆಯಲ್ಲಿ ಎಳೆಯುವ ಮರದ ತೇರನ್ನು ಶಿಲ್ಪಿ ಕಲ್ಲಿನಲ್ಲಿ ಅನುಕರಿಸಿದ್ದಾನೆ. ಚಲಿಸುವುದನ್ನು ಚಲಿಸದ ಕಲ್ಲಿನಲ್ಲಿ ಹಿಡಿದದ್ದೇ ಅಲ್ಲಿಯ ಚಮತ್ಕಾರ. ಆ ಅನುಕರಣೆಯ ಅನುಕರಣೆ ಇಂದು ಎಲ್ಲೆಡೆ ಇದೆ. 2017ರಿಂದ 50 ರೂಪಾಯಿಯ ನೋಟಿನ ಹಿಂಬದಿಯಲ್ಲಿಯೂ ಇದೆ. ದೇಶದ ಪ್ರತಿಯೊಬ್ಬರ ಕಿಸೆಯಲ್ಲಿ ಸುಳಿದಾಡುವ ಚಿತ್ರವನ್ನು ಮತ್ತೊಮ್ಮೆ ಅಚ್ಚಿನಲ್ಲಿ ಎರೆದು ವಿದ್ವಾಂಸರ ಕೈಗೆ ಕೊಡುವುದರಿಂದ ಕನ್ನಡನಾಡನ್ನು ಕುರಿತು ಹೊಸದೇನೂ ತಿಳಿಯುವುದಿಲ್ಲ. ಅದೇ ಗರುಡನನ್ನು ಇಂದಿಗೂ ಮರದಲ್ಲಿ ಕಡೆಯುವವರು ಹಂಪೆಯಿಂದ ಬಹಳ ದೂರವಿಲ್ಲದ ಕಿನ್ನಾಳದಲ್ಲಿ ಇದ್ದಾರೆ ಎಂಬುದನ್ನು ಆ ಸ್ಮರಣಿಕೆ ಮರೆಮಾಚುತ್ತದೆ.

ಅಚ್ಚಿನ ವಸ್ತು ಅಗ್ಗ, ಒಂದೇ ವಾರದಲ್ಲಿ ನೂರು ಸಿಕ್ಕುತ್ತದೆ, ಒಂದರಂತೆ ಇನ್ನೊಂದಿರುತ್ತದೆ ಎಂಬ ಸಮರ್ಥನೆ ಉಂಟು. ಖಜಾಂಚಿಯ ದೃಷ್ಟಿಯಿಂದ ಅದು ಅಲ್ಲಗಳೆಯಲಾಗದ ಮಾತು. ಆದರೆ ಸಂಘದ ಲೆಕ್ಕಪತ್ರದಲ್ಲಿ ಸ್ಮರಣಿಕೆಯ ಖರ್ಚು ಯಾವ ಶೀರ್ಷಿಕೆಯ ಕೆಳಗೆ ಬೀಳಬೇಕು? ಅದು ಸಮಾರಂಭದ ಸಾದಿಲ್ವಾರು ಖರ್ಚಾದರೆ ಅಗ್ಗವೇ ಮೇಲು. ಸಂಸ್ಕೃತಿಪ್ರಸಾರದ ಖರ್ಚಾದರೆ ಮಾಡಿದವನ ಹೆಸರು, ಊರು, ಮರದ ಜಾತಿ ಇಲ್ಲದ ವಸ್ತುವಿಗೆ ಸಂದ ಹಣ ಉದ್ದೇಶ ತಪ್ಪಿದ ಹಣ. ಸನ್ಮಾನಿತರ ಹೆಸರನ್ನು ಕೆತ್ತಲು ಸ್ಥಳವಿರುವ ಫಲಕದ ಮೇಲೆ ಕುಶಲಕರ್ಮಿಯ ಊರಿನ ಹೆಸರಿಗೂ ಒಂದು ಸಾಲು ದೊರಕಬೇಕು.

6

ಗೊಂಬೆಗೆ ಕಳೆದುಹೋದ ಕ್ರಿಯಾಪದವನ್ನು ಮತ್ತೆ ತಂದುಕೊಡುವುದು ಹೊರನಾಡಿನಲ್ಲಿ ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಇದೇ ಕಟ್ಟಡಗಳ ಅಂಗಳದಲ್ಲಿದೆ. ದೀಪಾವಳಿ ಸಮೀಪಿಸಿದಾಗ ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಮಕ್ಕಳು ಮಣ್ಣು, ಕಲ್ಲು, ಇಟ್ಟಿಗೆ, ಗೋಣಿಚೀಲಗಳನ್ನು ಕೂಡಿಹಾಕಿ ಕೋಟೆ ಕಟ್ಟುತ್ತಾರೆ. ಇದನ್ನು ಮರಾಠಿಯಲ್ಲಿ ಕಿಲ್ಲಾ ಎನ್ನುತ್ತಾರೆ. ಗೋಡೆಗೆ ಬುರುಜು, ಬುಡಕ್ಕೆ ಕಂದಕ, ಇಳಿಜಾರಿಗೆ ಮೊಳಕೆಯೊಡೆಯುವ ಕಾಳು. ಪೇಟೆಯಿಂದ ತಂದ ಚಿಕ್ಕ ಚಿಕ್ಕ ಮಾವಳೆ ಸೈನಿಕರು ಬಾಗಿಲುಗಳಲ್ಲಿ ನಿಲ್ಲುತ್ತಾರೆ. ಎಲ್ಲಕ್ಕೂ ಮೇಲೆ ಸಿಂಹಾಸನದಲ್ಲಿ ಶಿವಾಜಿ ಮಹಾರಾಜರು. ಹಬ್ಬ ಕಳೆದ ಮೇಲೆ ಕೋಟೆ ಕರಗುತ್ತದೆ. ಸೈನಿಕರು ಡಬ್ಬಿಯೊಳಗೆ ಹೋಗಿ ಮುಂದಿನ ವರ್ಷಕ್ಕೆ ಕಾಯುತ್ತಾರೆ.

ಫ್ರಾನ್ಸಿನ ಲೆವಿ ಸ್ಟ್ರಾಸ್ 1962ರ ತಮ್ಮ ಗ್ರಂಥದಲ್ಲಿ ಚಿಕ್ಕ ಪ್ರತಿಕೃತಿಗಳ ಆಕರ್ಷಣೆಗೆ ಕೊಟ್ಟ ವಿವರಣೆ ಇಲ್ಲಿ ಉಪಯುಕ್ತವಾಗಿದೆ. ದೊಡ್ಡ ವಸ್ತುವನ್ನು ಮನುಷ್ಯ ಭಾಗಭಾಗವಾಗಿ ಅರಿಯುತ್ತಾನೆ. ಚಿಕ್ಕದಾದಾಗ ಇಡಿಯದು ಮೊದಲು ಕೈಗೆ ಸಿಕ್ಕುತ್ತದೆ. ಅಲ್ಲದೆ ಅದು ಕೈಯಿಂದ ಮಾಡಿದ್ದಾದ್ದರಿಂದ ಮೂಲವಸ್ತುವಿನ ಮೇಲೆ ನಡೆಸಿದ ಒಂದು ಪ್ರಯೋಗವೂ ಆಗಿರುತ್ತದೆ. ಬುರುಜು ಎಲ್ಲಿ ಬೇಕು, ನೀರು ಎಲ್ಲಿ ನಿಲ್ಲಬೇಕು ಎಂದು ವಾದಿಸಿ ಕೋಟೆ ಕಟ್ಟಿದ ಮಗು ಕಲ್ಯಾಣದ ದುರ್ಗಾಡಿಯನ್ನೋ ಮಲಂಗಗಡವನ್ನೋ ನೋಡುವ ಕಣ್ಣು ಬೇರೆಯಾಗುತ್ತದೆ. ಒಂದು ನಾಡು ತನ್ನ ಇತಿಹಾಸವನ್ನು ಮಕ್ಕಳ ಬೆರಳುಗಳಿಗೆ ಒಪ್ಪಿಸುವ ಬಗೆ ಇದು. ಈ ಕಿಲ್ಲಾ ಕಟ್ಟುವವರಲ್ಲಿ ಕನ್ನಡ ಮನೆಗಳ ಮಕ್ಕಳೂ ಇದ್ದಾರೆ. ಕೆಳಗೆ ಅಂಗಳದಲ್ಲಿ ಕೈತುಂಬ ಮಣ್ಣು ಮಾಡಿಕೊಂಡು ಬಂದ ಅದೇ ಮಗು ಮೇಲೆ ಮನೆಯಲ್ಲಿ ಗಾಜಿನ ಆಚೆಗಿರುವ ಚನ್ನಪಟ್ಟಣದ ಗೊಂಬೆಯನ್ನು ಮುಟ್ಟುವಂತಿಲ್ಲ. ಮಹಾರಾಷ್ಟ್ರ ಅದಕ್ಕೆ ಆಟವಾಗಿ ದೊರೆಯುತ್ತದೆ, ಕರ್ನಾಟಕ ಅಲಂಕಾರವಾಗಿ. ಎರಡರಲ್ಲಿ ಯಾವುದು ಅದರ ಮನಸ್ಸಿನಲ್ಲಿ ಆಳವಾಗಿ ನಿಲ್ಲುತ್ತದೆಂಬುದನ್ನು ವಿವರಿಸಬೇಕಾಗಿಲ್ಲ.

ಇದಕ್ಕೆ ಪರಿಹಾರವಾಗಿ ಎಲ್ಲರೂ ಗೊಂಬೆಹಬ್ಬವನ್ನು ಆಚರಿಸಬೇಕೆಂದು ಹೇಳುವುದು ಅವಿವೇಕ. ಅದು ಒಂದು ಪ್ರದೇಶದ ಸಂಪ್ರದಾಯ. ಕರಾವಳಿಯವರಿಗಾಗಲಿ ಬಯಲುಸೀಮೆಯ ಉತ್ತರದವರಿಗಾಗಲಿ ಅದು ಹೊರಗಿನದೇ. ಆದರೆ ಅದರ ಪದ್ಧತಿಯಿಂದ ಕಲಿಯತಕ್ಕದ್ದಿದೆ. ವರ್ಷದ ಬಹುಭಾಗ ಗೊಂಬೆಯನ್ನು ಮರೆಯಲ್ಲಿಟ್ಟು, ಒಂದು ನಿಯಮಿತ ಕಾಲದಲ್ಲಿ ಹೊರತೆಗೆದು, ನೆರೆಯ ಮಕ್ಕಳನ್ನು ಕರೆದು, ಅದರ ಕಥೆ ಹೇಳುವುದಕ್ಕೆ ದೊಡ್ಡ ಮನೆ ಬೇಕಾಗಿಲ್ಲ. ಕಿಲ್ಲಾದ ಮಣ್ಣಿನಲ್ಲಿಯೇ ಮಣ್ಣೆತ್ತೂ ಆಗುತ್ತದೆ. ಜ್ಯೇಷ್ಠದ ಅಮಾವಾಸ್ಯೆಗೆ ಇಲ್ಲಿಯೂ ಮಳೆ ಹಿಡಿದಿರುತ್ತದೆ, ಹಸಿಮಣ್ಣಿಗೆ ಕೊರತೆಯಿಲ್ಲ. ಸುರ್ಯದ ಹರಕೆಯ ಗೊಂಬೆಯನ್ನು ಅಲ್ಲಿಂದ ತರುವಂತಿಲ್ಲ, ತರಲೂಬಾರದು. ಆ ಬನದ ಸಂಗತಿಯನ್ನು ಮಗುವಿಗೆ ತಿಳಿಸಲು ಮಾತು ಸಾಕು. ಸಂಘಗಳು ತಮ್ಮ ಮಕ್ಕಳ ದಿನದಂದು ಪ್ರತಿಯೊಂದು ಮನೆಯಿಂದ ಒಂದೊಂದು ಗೊಂಬೆಯನ್ನು ತರಿಸಿ, ಅದು ಯಾವ ಊರಿನದು, ಯಾರು ತಂದದ್ದು, ಯಾವಾಗ ತಂದದ್ದು ಎಂಬುದನ್ನು ತಂದ ಮಗುವಿನ ಬಾಯಿಂದಲೇ ಕನ್ನಡದಲ್ಲಿ ಹೇಳಿಸಿದರೆ ಮಾಡಿದವನ ಕಥೆಯೂ ಇಟ್ಟವನ ಕಥೆಯೂ ಒಂದೆಡೆ ಕೂಡುತ್ತವೆ.

ಶೋಕೇಸು ಮನೆಯಲ್ಲಿ ಇದ್ದೇ ಇರಲಿ. ಇಕ್ಕಟ್ಟಾದ ಬದುಕಿನಲ್ಲಿ ನೆನಪಿಗಾಗಿ ಬಿಟ್ಟುಕೊಟ್ಟ ಸ್ಥಳವನ್ನು ಕಿತ್ತುಕೊಳ್ಳುವ ಅಧಿಕಾರ ಯಾವ ವಿಮರ್ಶೆಗೂ ಇಲ್ಲ. ಗಾಜಿಗೆ ಬೀಗ ಹಾಕದಿದ್ದರೆ ಸಾಕು. ಚನ್ನಪಟ್ಟಣದ ಗೊಂಬೆಯ ಅರಗು ಮಕ್ಕಳ ಕೈ ತಾಗಿದರೆ ಮಾಸುವಂಥದಲ್ಲ. ಆ ಕೈಗಳಿಗಾಗಿಯೇ ಅದನ್ನು ಅಷ್ಟು ನುಣುಪು ಮಾಡಿದ್ದಾರೆ.